ನಿವೃತ್ತ ದಂಪತಿಗೆ ಕ್ಯಾರವಾನ್ ಸಂಚಾರ: ದಾವಣಗೆರೆ, ಚಿತ್ರದುರ್ಗದ ಸುತ್ತ ನಿಧಾನವಾಗಿ ಅಲೆಯುವ ಕ್ರಮ

ನಿವೃತ್ತರಾದ ಗಂಡ ಹೆಂಡತಿ ಗಾಡಿಯಲ್ಲೇ ಮನೆ ಹೂಡಿಕೊಂಡು ಊರೂರು ತಿರುಗುತ್ತಾರೆ ಎಂದು ಗೊತ್ತಾದವರು ನಮ್ಮನ್ನು ಕೇಳುವುದು ಮೂರೇ ಪ್ರಶ್ನೆ. ಗಾಡಿಗೆ ಎಷ್ಟು ಬಿತ್ತು? ರಾತ್ರಿ ಎಲ್ಲಿ ನಿಲ್ಲಿಸುತ್ತೀರಿ? ಶೌಚಕ್ಕೆ ಏನು ವ್ಯವಸ್ಥೆ? ಮೂರನೆಯದನ್ನು ದನಿ ತಗ್ಗಿಸಿ ಕೇಳುತ್ತಾರೆ. ಇಡೀ ದಿನ ಏನು ಮಾಡುತ್ತೀರಿ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಆಸೆಪಟ್ಟು ಕ್ಯಾರವಾನ್ ಕೊಂಡು ಬೇಗನೆ ಮಾರಿದವರಲ್ಲಿ ಹೆಚ್ಚಿನವರನ್ನು ಸೋಲಿಸುವುದು ಕೇಳದೆ ಉಳಿದ ಈ ಪ್ರಶ್ನೆಯೇ ಎಂಬುದು ನನ್ನ ಲೆಕ್ಕ. ಆದ್ದರಿಂದ ಈ ಬರಹದಲ್ಲಿ ಗಾಡಿಯ ಬೆಲೆಯ ಮಾತು ಬಿಟ್ಟು, ರಾತ್ರಿ ನೆಲೆ ಮತ್ತು ಶೌಚದ ಪ್ರಶ್ನೆಗಳಿಗೆ ಉತ್ತರ ಕೊಟ್ಟು, ನಾಲ್ಕನೆಯದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಲಡಾಖ್‌ಗೆ ಹೊರಟವರಿಗೆ ಇದರಿಂದ ಹೆಚ್ಚು ಉಪಯೋಗವಿಲ್ಲ. ಅರವತ್ತು ದಾಟಿದ, ಮಂಡಿ ಸ್ವಲ್ಪ ಮಾತು ಕೇಳದ, ಆದರೆ ಕೈಯಲ್ಲಿ ಸಮಯವಿರುವ ಇಬ್ಬರು ನಮ್ಮ ಎರಡು ಜಿಲ್ಲೆಗಳಲ್ಲೇ ಮೊದಲ ಸುತ್ತು ಹಾಕುವುದು ಹೇಗೆ ಎಂಬುದಷ್ಟೇ ಇಲ್ಲಿರುವ ವಿಷಯ.

ಹಂತ 1: ಮೊದಲು ಬಾಡಿಗೆ, ಕೊಳ್ಳುವ ಮಾತು ಆಮೇಲೆ

ಬೆಂಗಳೂರಿನಲ್ಲಿ ಕ್ಯಾರವಾನ್ ಬಾಡಿಗೆಗೆ ಕೊಡುವವರು ಇದ್ದಾರೆ. ಕೆಲವು ರಾತ್ರಿಗಳ ಮಟ್ಟಿಗೆ ಒಂದನ್ನು ತೆಗೆದುಕೊಳ್ಳಿ. ನೋಡಬೇಕಾದದ್ದು ಜಾಗಗಳನ್ನಲ್ಲ, ಗಾಡಿಯೊಳಗಿನ ಬದುಕನ್ನು. ಮಧ್ಯರಾತ್ರಿ ಒಬ್ಬರು ಎದ್ದರೆ ಇನ್ನೊಬ್ಬರನ್ನು ದಾಟಿ ಹೋಗಬೇಕೇ? ಹಾಸಿಗೆಯಿಂದ ಕಾಲು ಇಳಿಬಿಟ್ಟರೆ ನೆಲ ಸಿಗುತ್ತದೆಯೇ? ಹೊರಗೆ ಮಳೆ ಹಿಡಿದರೆ ಇಬ್ಬರೂ ಬೆನ್ನಿಗೆ ಆಸರೆಯಿಟ್ಟುಕೊಂಡು ಎರಡು ಗಂಟೆ ಕೂರಬಹುದೇ? ಬಾಗಿಲಿನ ಮೆಟ್ಟಿಲು ಎಷ್ಟು ಎತ್ತರ?

ಅಂಗಡಿಯವರು ತೋರಿಸುವ ಅಗಲದ ಜೋಡಿ ಹಾಸಿಗೆ ಚಿತ್ರದಲ್ಲಿ ಚೆನ್ನಾಗಿ ಕಾಣುತ್ತದೆ. ನನ್ನನ್ನು ಕೇಳಿದರೆ ಎರಡೂ ಪಕ್ಕದಲ್ಲಿ ಒಂದೊಂದು ಉದ್ದ ಹಾಸಿಗೆ, ನಡುವೆ ನಡೆದಾಡುವ ಓಣಿ, ಇದೇ ವಾಸಿ. ಹಗಲು ಅವೇ ಆಸನವಾಗುತ್ತವೆ, ಅಡಿಯಲ್ಲಿ ಸಾಮಾನು ತುಂಬಬಹುದು, ಗೊರಕೆಯ ಜಗಳವೂ ಅರ್ಧ ಕಡಿಮೆಯಾಗುತ್ತದೆ.

ಹಂತ 2: ಗಾಡಿ ಮತ್ತು ಕಾಗದಪತ್ರ

ಟೆಂಪೋ ಟ್ರಾವೆಲರ್ ಅಳತೆಯ, ಒಳಗೆ ನೆಟ್ಟಗೆ ನಿಲ್ಲಬಹುದಾದ ಗಾಡಿ ಇಬ್ಬರಿಗೆ ಧಾರಾಳ. ಬಸ್ಸಿನಷ್ಟು ದೊಡ್ಡದಕ್ಕೆ ಆಸೆಪಡಬೇಡಿ. ನಮ್ಮ ಹಳ್ಳಿಗಳ ಒಳರಸ್ತೆಯಲ್ಲಿ ಜೋತು ಬಿದ್ದ ವಿದ್ಯುತ್ ತಂತಿ, ರೈಲು ಹಳಿಯ ಅಡಿಯ ತಗ್ಗಿನ ಸೇತುವೆ, ದೇವಸ್ಥಾನದ ಮುಂದಿನ ಕಿರಿದಾದ ತಿರುವು ಇವೆಲ್ಲ ದೊಡ್ಡ ಗಾಡಿಗೆ ದಾರಿ ಕೊಡುವುದಿಲ್ಲ. ಗಾಡಿಯ ಎತ್ತರವನ್ನು, ಚಾವಣಿಯ ಮೇಲಿನ ಸೌರಫಲಕವನ್ನೂ ಸೇರಿಸಿ ಅಳೆದು, ಚಾಲಕನ ಕಣ್ಣಿಗೆ ಬೀಳುವ ಹಾಗೆ ಬರೆದು ಅಂಟಿಸಿ.

ಚಾಲನಾ ಪರವಾನಗಿ: ಒಟ್ಟು ತೂಕ 7,500 ಕೆ.ಜಿ. ಮೀರದ ಗಾಡಿಯನ್ನು ಸಾಮಾನ್ಯ ಲಘು ವಾಹನ ಪರವಾನಗಿಯಲ್ಲೇ ಓಡಿಸಬಹುದು. ಒಟ್ಟು ತೂಕ ಎಂದರೆ ಗಾಡಿ, ಸಾಮಾನು, ನೀರು, ಜನ ಎಲ್ಲ ಸೇರಿದ ತೂಕ. 55 ವರ್ಷ ದಾಟಿದವರ ಪರವಾನಗಿಯನ್ನು ಐದೈದು ವರ್ಷಕ್ಕೆ ನವೀಕರಿಸುತ್ತಾರೆ, ಅದಕ್ಕೆ ವೈದ್ಯರು ಸಹಿ ಮಾಡಿದ ನಮೂನೆ 1ಎ ಬೇಕು. ಹೊರಡುವ ಮೊದಲು ಇಬ್ಬರ ಪರವಾನಗಿಯ ಕೊನೆಯ ದಿನಾಂಕವನ್ನೂ ನೋಡಿಕೊಳ್ಳಿ. ಇಬ್ಬರದು ಎಂದದ್ದು ಬೇಕೆಂದೇ. ಒಬ್ಬರಿಗೆ ಎದೆನೋವು ಬಂದರೆ ಇನ್ನೊಬ್ಬರು ಗಾಡಿಯನ್ನು ಹತ್ತಿರದ ಆಸ್ಪತ್ರೆಯವರೆಗಾದರೂ ತರುವಂತಿರಬೇಕು. "ನಮ್ಮವರು ಇದ್ದಾರಲ್ಲ" ಎಂದು ಸ್ಟಿಯರಿಂಗ್ ಮುಟ್ಟದೆ ಇರುವ ಅಕ್ಕಂದಿರಿಗೆ ಈ ಮಾತು.

ನೋಂದಣಿ: ಸ್ವಂತ ಬಳಕೆಯ ಕ್ಯಾಂಪರ್ ವ್ಯಾನ್ (ನಾವು ಕ್ಯಾರವಾನ್ ಎನ್ನುವುದು ಇದನ್ನೇ) ಕೇಂದ್ರ ಸರ್ಕಾರದ 2004ರ ಅಧಿಸೂಚನೆಯಂತೆ ಸಾರಿಗೆಯೇತರ ವಾಹನ. ಅಂದರೆ ಬಾಡಿಗೆಗೆ ಓಡದ, ಬಿಳಿ ಫಲಕದ ಗಾಡಿ. ನಿಯಮದ ಪ್ರಕಾರ ಅದರಲ್ಲಿ ಆಸನ ಮತ್ತು ಮೇಜು, ಮಲಗುವ ಜಾಗ, ಅಡುಗೆಯ ಅನುಕೂಲ, ಸಾಮಾನು ಇಡುವ ಕಪಾಟು ಇರಬೇಕು, ಇವು ಗಾಡಿಗೆ ಭದ್ರವಾಗಿ ಬಿಗಿದಿರಬೇಕು. ಇದರ ತಾಂತ್ರಿಕ ಮಾನದಂಡಕ್ಕೆ ಎಐಎಸ್ 124 ಎಂದು ಹೆಸರು. ಬಾಡಿ ಕಟ್ಟುವವರಿಗೆ ಈ ಹೆಸರು ಗೊತ್ತಿಲ್ಲದಿದ್ದರೆ ಬೇರೆ ಶೆಡ್ ನೋಡಿ.

ಇಲ್ಲಿ ಹೆಚ್ಚಿನವರು ಎಡವುವುದು ಹಳೆಯ ಹಳದಿ ಫಲಕದ ಟ್ರಾವೆಲರ್ ಅಗ್ಗಕ್ಕೆ ಸಿಕ್ಕಿತೆಂದು ಕೊಂಡಾಗ. ಆಸನ ಕಿತ್ತು, ಮಂಚ ಹಾಕಿಸಿ, ಆರ್‌ಸಿ ಪುಸ್ತಕವನ್ನು ಹಾಗೆಯೇ ಬಿಟ್ಟು ಓಡಿಸುತ್ತಾರೆ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನಂತೆ ಆರ್‌ಸಿಯಲ್ಲಿರುವ ವಿವರಕ್ಕೆ ಹೊಂದದ ಮಾರ್ಪಾಡು ಅನುಮತಿಯಿಲ್ಲದೆ ಮಾಡುವಂತಿಲ್ಲ. ಅಪಘಾತವಾದರೆ ವಿಮೆಯವರು ಮೊದಲು ತೆರೆಯುವುದು ಇದೇ ಪುಟವನ್ನು. ಆದ್ದರಿಂದ ಕ್ರಮ ಹೀಗಿರಲಿ: ನಕ್ಷೆ ಹಿಡಿದು ಆರ್‌ಟಿಒ ಕಚೇರಿಗೆ ಹೋಗಿ ಅನುಮತಿ ಮತ್ತು ತೆರಿಗೆಯ ಬಗ್ಗೆ ವಿಚಾರಿಸುವುದು, ಕೆಲಸ ಮಾಡಿಸುವುದು, ತಪಾಸಣೆ, ಆರ್‌ಸಿ ತಿದ್ದುಪಡಿ, ಕೊನೆಗೆ ಒಳಗಿನ ಜೋಡಣೆಗಳ ಬೆಲೆಯನ್ನೂ ಸೇರಿಸಿ ವಿಮೆ.

ಎಲ್ಲ ಮುಗಿದ ಮೇಲೆ ನೀರು, ಪಾತ್ರೆ, ಬಟ್ಟೆ ಎಲ್ಲ ತುಂಬಿ, ಇಬ್ಬರೂ ಕುಳಿತು ಒಮ್ಮೆ ವೇ ಬ್ರಿಜ್ ಮೇಲೆ ಹತ್ತಿಸಿ. ಮೆಕ್ಕೆಜೋಳದ ಲಾರಿಗಳು ಸಾಲುಗಟ್ಟುವ ದಾವಣಗೆರೆಯಲ್ಲಿ ವೇ ಬ್ರಿಜ್‌ಗೇನೂ ಬರವಿಲ್ಲ. ಆರ್‌ಸಿಯಲ್ಲಿರುವ ಒಟ್ಟು ತೂಕಕ್ಕಿಂತ ಕಡಿಮೆ ಬಂದರೆ ಸರಿ. ಹೆಚ್ಚು ಬಂದರೆ ಕಪಾಟಿನಿಂದ ಸಾಮಾನು ಇಳಿಸಬೇಕೇ ಹೊರತು ಟೈರಿಗೆ ಗಾಳಿ ಹೆಚ್ಚಿಸಿ ಸುಮ್ಮನಾಗಬಾರದು.

ಹಂತ 3: ವಿದ್ಯುತ್, ನೀರು, ಅನಿಲ

ವಿದ್ಯುತ್ತಿನ ಲೆಕ್ಕವನ್ನು ಕಾಗದದಲ್ಲಿ ಬರೆದು ಮಾಡಿ, ಅಂಗಡಿಯವರ ಬಾಯಿಲೆಕ್ಕ ಬೇಡ. 12 ವೋಲ್ಟಿನ, 200 ಆಂಪಿಯರ್ ಅವರ್‌ನ ಬ್ಯಾಟರಿಯಲ್ಲಿ ಸುಮಾರು 2,400 ವಾಟ್ ಅವರ್ ಶಕ್ತಿ ಇರುತ್ತದೆ. ಒಂದು ವಾಟ್‌ನ ಉಪಕರಣ ಒಂದು ಗಂಟೆ ಓಡಲು ಬೇಕಾದಷ್ಟು ಶಕ್ತಿಯೇ ಒಂದು ವಾಟ್ ಅವರ್. 30 ವಾಟ್‌ನ ಫ್ಯಾನ್ ರಾತ್ರಿ ಎಂಟು ಗಂಟೆ ತಿರುಗಿದರೆ 240. ಸಣ್ಣ ಫ್ರಿಜ್‌ಗೆ ದಿನಕ್ಕೆ ಸುಮಾರು 500. ದೀಪ, ಮೊಬೈಲ್, ಚಟ್ನಿ ರುಬ್ಬುವ ಮಿಕ್ಸಿ ಎಲ್ಲಕ್ಕೂ ಇನ್ನೊಂದು 200. ಒಟ್ಟು ಸಾವಿರದ ಒಳಗೆ. 300 ವಾಟ್ ಸೌರಫಲಕ ನಮ್ಮ ಬಯಲುಸೀಮೆಯ ಬಿಸಿಲಿಗೆ ಒಳ್ಳೆಯ ದಿನ ಇದನ್ನು ಆರಾಮಾಗಿ ತುಂಬಿಕೊಡುತ್ತದೆ. ಲಿಥಿಯಂ ಬ್ಯಾಟರಿಯಾದರೆ ಹೆಚ್ಚುಕಡಿಮೆ ಪೂರ್ತಿ ಬಳಸಬಹುದು. ಹಳೆಯ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಿದರೆ ಅದರ ಆಯಸ್ಸು ಕುಗ್ಗುತ್ತದೆ.

ಎಸಿಯ ಮಾತು ಬೇರೆ. ಒಂದು ಟನ್ನಿನ ಎಸಿ ಸಾವಿರ ವಾಟ್‌ನ ಆಸುಪಾಸು ಎಳೆಯುತ್ತದೆ, ಅದೇ ಬ್ಯಾಟರಿ ಎರಡು ಗಂಟೆಗೆ ಕೈ ಎತ್ತುತ್ತದೆ. ಬೇಸಿಗೆಯಲ್ಲಿ ಎಸಿ ನಂಬಿಕೊಂಡು ಹೊರಡುವುದಾದರೆ ಪ್ರತಿ ರಾತ್ರಿ 16 ಆಂಪಿಯರ್ ಪ್ಲಗ್ ಸಿಗುವ ಕಡೆಯೇ ನಿಲ್ಲಬೇಕಾಗುತ್ತದೆ. ನಾನು ಎಸಿಯ ಬದಲು ಕಾಲವನ್ನು ಆರಿಸಿಕೊಳ್ಳಿ ಎನ್ನುತ್ತೇನೆ.

ನೀರು ಇಬ್ಬರಿಗೆ ಬಟ್ಟೆ ಒಗೆಯುವುದನ್ನು ಬಿಟ್ಟು ದಿನಕ್ಕೆ 40 ಲೀಟರ್ ಸಾಕು. 100 ಲೀಟರಿನ ತೊಟ್ಟಿ ಎಂದರೆ 100 ಕೆ.ಜಿ. ತೂಕ ಎಂಬುದು ನೆನಪಿರಲಿ. ತೊಟ್ಟಿ ಗಾಡಿಯ ತಳದಲ್ಲಿ, ಎರಡು ಅಚ್ಚುಗಳ ನಡುವೆ ಇರಬೇಕು. ಚಾವಣಿಯ ಮೇಲೆ ತೊಟ್ಟಿ ಇಟ್ಟರೆ ತಿರುವಿನಲ್ಲಿ ಗಾಡಿ ವಾಲುತ್ತದೆ.

ಕುಡಿಯುವ ನೀರನ್ನು ಬೇರೆಯೇ ಇಟ್ಟುಕೊಳ್ಳಿ. ಚಿತ್ರದುರ್ಗ, ದಾವಣಗೆರೆ ಜಿಲ್ಲೆಗಳ ಹಲವು ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಇದು ಹಲ್ಲು, ಮೂಳೆಗೆ ಕೇಡು ಮಾಡುವ ಲವಣ, ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ. ಹಳ್ಳಿಗಳಲ್ಲಿರುವ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳಿ. ಚಿಲ್ಲರೆಯ ಡಬ್ಬಿಯೊಂದು ಗಾಡಿಯಲ್ಲಿ ಸದಾ ಇರಲಿ, ಘಟಕದ ಮುಂದೆ ನೋಟು ನಡೆಯದು.

ಅಡುಗೆಗೆ 5 ಕೆ.ಜಿ. ಸಿಲಿಂಡರ್ ತೆಗೆದುಕೊಳ್ಳಿ, ಮನೆಯ 14.2 ಕೆ.ಜಿ. ಸಿಲಿಂಡರ್ ಬೇಡ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದ ಮಟ್ಟದಲ್ಲಿ ತುಂಬಿಕೊಳ್ಳುತ್ತದೆ. ಸಿಲಿಂಡರ್ ಇಡುವ ಪೆಟ್ಟಿಗೆಯ ತಳದಲ್ಲಿ ಹೊರಗೆ ತೆರೆದುಕೊಳ್ಳುವ ರಂಧ್ರ ಇರಲೇಬೇಕು, ಸೋರಿಕೆ ಪತ್ತೆಯಂತ್ರ ನೆಲದ ಸಮೀಪವೇ ಇರಬೇಕು. ಇಲಿ ಬರುತ್ತದೆಂದು ಆ ರಂಧ್ರವನ್ನು ಬಟ್ಟೆ ತುರುಕಿ ಮುಚ್ಚುವವರಿದ್ದಾರೆ. ಜಾಲರಿ ಹೊಡೆಯಿರಿ, ಮುಚ್ಚಬೇಡಿ. ಗಾಡಿ ಚಲಿಸುವಾಗ ರೆಗ್ಯುಲೇಟರ್ ಬಂದ್. ಚಳಿಯೆಂದು ಕೆಂಡದ ಒಲೆಯನ್ನು ಒಳಗಿಟ್ಟು ಮಲಗುವುದು ಸಾವಿಗೆ ಬಾಗಿಲು ತೆರೆದ ಹಾಗೆ. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯೂ ಇಲ್ಲ.

ಊಟದ ವಿಷಯದಲ್ಲಿ ನಮ್ಮ ಊರಿನವರು ಪುಣ್ಯವಂತರು. ಮಂಡಕ್ಕಿ ಭಟ್ಟಿಯಿಂದ ಒಂದು ಚೀಲ ಮಂಡಕ್ಕಿ ತಂದರೆ ತೂಕವೇ ಇಲ್ಲ. ಒಗ್ಗರಣೆ ಹಾಕಲು ಹತ್ತು ನಿಮಿಷದ ಅನಿಲ, ತೊಳೆಯಲು ಒಂದೇ ಬಾಣಲೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ವಾರಗಟ್ಟಲೆ ಕೆಡುವುದಿಲ್ಲ.

ಹಂತ 4: ಶೌಚ, ದನಿ ತಗ್ಗಿಸದೆ

ಸರಳ ಪರಿಹಾರ ಕ್ಯಾಸೆಟ್ ಶೌಚಪೀಠ. ಕೂರುವ ಪೀಠದ ಅಡಿಯಲ್ಲಿ ಬೇರ್ಪಡಿಸಿ ಒಯ್ಯಬಹುದಾದ, ಸುಮಾರು 20 ಲೀಟರಿನ ಬಿಗಿಮುಚ್ಚಳದ ಡಬ್ಬಿ ಇರುತ್ತದೆ. ಇಬ್ಬರಿಗೆ ಎರಡು ಮೂರು ದಿನಕ್ಕೆ ಬರುತ್ತದೆ. ಹಗಲಿನಲ್ಲಿ ಪೆಟ್ರೋಲ್ ಬಂಕ್, ದೇವಸ್ಥಾನ, ಹೋಟೆಲಿನ ಶೌಚಾಲಯ ಬಳಸಿ, ಗಾಡಿಯದನ್ನು ರಾತ್ರಿಗೆಂದೇ ಇಟ್ಟುಕೊಂಡರೆ ಇನ್ನೂ ಹೆಚ್ಚು ದಿನ.

ಖಾಲಿ ಮಾಡುವುದು ಶೌಚಗುಂಡಿಗೆ ಸಂಪರ್ಕವಿರುವ ಶೌಚಾಲಯದಲ್ಲಿ ಮಾತ್ರ. ಡೀಸೆಲ್ ತುಂಬಿಸಿದ ಬಂಕಿನಲ್ಲಿ ಮೊದಲೇ ಕೇಳಿ, ಆಮೇಲೆ ಎರಡು ಬಕೆಟ್ ನೀರು ಹಾಕಿ ಸ್ವಚ್ಛ ಮಾಡಿ ಬನ್ನಿ. ಕೆರೆ ಕೋಡಿ, ಹಳ್ಳ, ಕಾಲುವೆ ಎಲ್ಲೂ ಸುರಿಯಬೇಡಿ. ಭದ್ರಾ ನಾಲೆಯ ನೀರು ಮುಂದೆ ಯಾವುದೋ ಊರಿನ ಕುಡಿಯುವ ನೀರು. ಡಬ್ಬಿಗೆ ಹಾಕುವ ದ್ರವ ಕಿಣ್ವದ್ದಾಗಿರಲಿ, ಫಾರ್ಮಾಲ್ಡಿಹೈಡ್ ಇರುವುದು ಬೇಡ. ಅದು ಶೌಚಗುಂಡಿಯಲ್ಲಿ ಮಲ ಕೊಳೆಸುವ ಸೂಕ್ಷ್ಮಾಣುಗಳನ್ನೇ ಕೊಲ್ಲುತ್ತದೆ.

ಪಾತ್ರೆ ತೊಳೆದ, ಸ್ನಾನ ಮಾಡಿದ ನೀರಿಗೂ ಒಂದು ಡಬ್ಬಿ ಬೇಕು. ಅಡಿಕೆ ತೋಟದಲ್ಲಿ ನಿಂತಿದ್ದರೆ ತೋಟದವರನ್ನು ಕೇಳಿ ಹೊರಬದುವಿಗೆ ಹಾಕಬಹುದು.

ಹಂತ 5: ಹವ್ಯಾಸ ಮೊದಲು, ದಾರಿ ಆಮೇಲೆ

ದಾರಿಯ ಪಟ್ಟಿ ಮಾಡಿಕೊಂಡು "ಸಮಯ ಉಳಿದರೆ" ಹವ್ಯಾಸ ಎಂದುಕೊಂಡವರಿಗೆ ಸಮಯ ಉಳಿಯುವುದಿಲ್ಲ. ಬೆಳಗ್ಗೆ ಒಂದು ದೇವಸ್ಥಾನ, ಮಧ್ಯಾಹ್ನ ಒಂದು ಅಣೆಕಟ್ಟು, ಸಂಜೆ ಒಂದು ಬೆಟ್ಟ ಎಂದು ಓಡಿದರೆ ಅದಕ್ಕೆ ಕ್ಯಾರವಾನ್ ಏಕೆ, ಟ್ಯಾಕ್ಸಿ ಸಾಕಿತ್ತು. ಇಬ್ಬರಿಗೂ ತಲಾ ಒಂದು ಹವ್ಯಾಸ, ಇಬ್ಬರೂ ಸೇರಿ ಮಾಡುವಂಥದ್ದು ಇನ್ನೊಂದು ಆರಿಸಿಕೊಳ್ಳಿ. ಒಬ್ಬೊಬ್ಬರದು ಒಂದು ಭುಜಚೀಲದೊಳಗೆ ಹಿಡಿಸಬೇಕು. ನಮ್ಮ ಎರಡು ಜಿಲ್ಲೆಗೆ ಹೊಂದುವ ನಾಲ್ಕನ್ನು ಹೇಳುತ್ತೇನೆ.

ಶಾಸನ ಓದುವುದು. ನನ್ನ ಮಟ್ಟಿಗೆ ಇದಕ್ಕೆ ಸಮನಾದದ್ದು ಇನ್ನೊಂದಿಲ್ಲ, ಖರ್ಚೂ ಇಲ್ಲ. ಬಿ.ಎಲ್. ರೈಸ್ ಅವರು ಸಂಪಾದಿಸಿದ, ನಮ್ಮ ನಾಡಿನ ಶಾಸನಗಳ ಪಾಠವಿರುವ ಎಪಿಗ್ರಾಫಿಯಾ ಕರ್ನಾಟಿಕಾ ಗ್ರಂಥಮಾಲೆಯ 11ನೆಯ ಸಂಪುಟ ಆಗಿನ ಚಿತ್ರದುರ್ಗ ಜಿಲ್ಲೆಯದು. ದಾವಣಗೆರೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಹಾಗಾಗಿ ದಾವಣಗೆರೆ, ಹರಿಹರದ ಕಲ್ಲುಗಳೂ ಆ ಒಂದೇ ಸಂಪುಟದಲ್ಲಿ ಸಿಗುತ್ತವೆ. ಅಂತರಜಾಲದಲ್ಲಿ ಉಚಿತವಾಗಿ ದೊರೆಯುವ ಪ್ರತಿಯನ್ನು ಮೊಬೈಲಿಗೆ ಇಳಿಸಿಕೊಳ್ಳಿ. ತಾಲ್ಲೂಕು ಹುಡುಕಿ, ಊರ ಹೆಸರು ಹುಡುಕಿ, ಪಾಠವನ್ನು ಕೈಬರಹದಲ್ಲಿ ನಕಲು ಮಾಡಿಕೊಂಡು ಆ ಊರಿಗೆ ಹೋಗಿ.

ಕಲ್ಲಿನ ಮುಂದೆ ನಿಂತಾಗ ನಡುಹಗಲಿನ ಬಿಸಿಲಲ್ಲಿ ಏನೂ ಕಾಣುವುದಿಲ್ಲ. ಸಂಜೆ ಹೊತ್ತು ಮುಳುಗಿದ ಮೇಲೆ ಟಾರ್ಚನ್ನು ಕಲ್ಲಿನ ಒಂದು ಬದಿಗೆ ಹೆಚ್ಚುಕಡಿಮೆ ತಾಗಿಸಿ, ಓರೆಯಾಗಿ ಬೆಳಕು ಬಿಡಿ. ಗೀರುಗಳ ಒಂದು ಅಂಚು ಬೆಳಗಿ ಇನ್ನೊಂದು ಕಪ್ಪಾಗುತ್ತದೆ, ಅಕ್ಷರ ಎದ್ದು ನಿಲ್ಲುತ್ತದೆ. ಟಾರ್ಚನ್ನು ಎಡದಿಂದ ಒಮ್ಮೆ, ಮೇಲಿನಿಂದ ಒಮ್ಮೆ ಹಿಡಿದು ನೋಡಿ. ಎಡದಿಂದ ಕಾಣದ ತಲೆಕಟ್ಟು ಮೇಲಿನ ಬೆಳಕಿಗೆ ಕಾಣುತ್ತದೆ. ಸೀಮೆಸುಣ್ಣ, ವಿಭೂತಿ, ಎಣ್ಣೆ, ಹಿಟ್ಟು ಯಾವುದನ್ನೂ ಬಳಿಯಬೇಡಿ. ಕಾಗದ ಒತ್ತಿ ಪಡಿಯಚ್ಚು ತೆಗೆಯಲು ಪುರಾತತ್ವ ಇಲಾಖೆಯ ಅನುಮತಿ ಬೇಕು. ಸಂರಕ್ಷಿತ ಸ್ಮಾರಕಗಳು ಸಂಜೆಗೆ ಮುಚ್ಚುತ್ತವೆ, ಆದ್ದರಿಂದ ಟಾರ್ಚಿನ ಆಟ ಊರ ನಡುವಿನ ವೀರಗಲ್ಲು, ಮಾಸ್ತಿಗಲ್ಲುಗಳಿಗೆ. ಕಲ್ಲು ಪೂಜೆಗೊಳ್ಳುತ್ತಿದ್ದರೆ ಮೊದಲು ಊರಿನವರನ್ನು ಕೇಳಿ, ಚಪ್ಪಲಿ ಬಿಟ್ಟು ಹೋಗಿ.

ಮೊದಲ ಪಾಠಕ್ಕೆ ಹರಿಹರ ಒಳ್ಳೆಯದು. 1224ರಲ್ಲಿ ಹೊಯ್ಸಳ ದಂಡನಾಯಕ ಪೋಲಾಳ್ವ ಕಟ್ಟಿಸಿದ ಹರಿಹರೇಶ್ವರ ಗುಡಿಯ ಆವರಣದಲ್ಲೇ ಎತ್ತರದ ಶಾಸನಕಲ್ಲುಗಳಿವೆ, ನೆರಳೂ ಇದೆ. ಕೊನೆಯ ಪಾಠಕ್ಕೆ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ. ಅಲ್ಲಿನ ಬಂಡೆಯ ಮೇಲಿರುವುದು ಅಶೋಕನ ಶಾಸನ. ಇಸಿಲ ಎಂಬ ಊರಿನ ಹೆಸರು ಅದರಲ್ಲಿದೆ. ಕೊನೆಗೆ ಚಪಡ ಎಂಬ ಲಿಪಿಕಾರ ತನ್ನ ಹೆಸರು ಕೆತ್ತಿದ್ದಾನೆ. ಶಾಸನವೆಲ್ಲ ಬ್ರಾಹ್ಮಿ ಲಿಪಿಯಲ್ಲಿದ್ದರೂ ತನ್ನ ಕಸುಬನ್ನು ಹೇಳುವ ಒಂದು ಪದವನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಬಯಲುಸೀಮೆಯ ಆ ಬಂಡೆಯ ಮುಂದೆ ಅವನಿಗೆ ತನ್ನ ಜಾಣತನ ತೋರಿಸುವ ಆಸೆ ಏಕೆ ಬಂತೋ! ಹತ್ತಿರದ ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲೂ ಇವೇ ಶಾಸನಗಳಿವೆ. ರಾಮೇಶ್ವರದ ಬೆಟ್ಟವನ್ನು ಮಂಡಿನೋವಿನವರು ಬಿಟ್ಟರೂ ನಷ್ಟವಿಲ್ಲ.

ಹಕ್ಕಿ ನೋಡುವುದು. 8×42 ಎಂದು ಬರೆದ ದುರ್ಬೀನು ಸಾಕು. 8 ಎಂದರೆ ಎಂಟು ಪಟ್ಟು ಹತ್ತಿರ, 42 ಎಂದರೆ ಮುಂದಿನ ಗಾಜಿನ ಅಗಲ ಮಿಲಿಮೀಟರಿನಲ್ಲಿ. ಇದಕ್ಕಿಂತ ಹೆಚ್ಚಿನದನ್ನು ಕೈ ನಡುಗುವ ವಯಸ್ಸಿನಲ್ಲಿ ಹಿಡಿದರೆ ಹಕ್ಕಿಯೂ ನಡುಗುತ್ತದೆ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ, ಅಂದರೆ ಶಾಂತಿಸಾಗರ, ಹಾಗೂ ಕೊಂಡಜ್ಜಿ ಕೆರೆ ಎರಡೂ ಗಾಡಿಯ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ನೋಡಲು ಅನುಕೂಲ. ಬೆಳಗಿನ ಸೂರ್ಯ ಬೆನ್ನಿಗೆ ಬರುವಂತೆ ಕೆರೆಯ ಪೂರ್ವದ ದಂಡೆಯಲ್ಲಿ ನಿಲ್ಲಿ. ನೀರುಕಾಗೆ, ಬೆಳ್ಳಕ್ಕಿ, ಮಿಂಚುಳ್ಳಿಗಳಿಂದ ಶುರು ಮಾಡಿ, ದಿನಾಂಕ ಹಾಕಿ ಬರೆದಿಡಿ. ಗಾಳ ಹಾಕುವ ಆಸೆಯಿದ್ದರೆ ಕೆರೆಯ ಮೀನಿನ ಗುತ್ತಿಗೆ ಹಿಡಿದವರನ್ನು ಕೇಳಿಯೇ ಹಾಕಿ, ಇಲ್ಲವಾದರೆ ಜಗಳ ಖಂಡಿತ.

ಚಿತ್ರ ಬರೆಯುವುದು. ಮಡಚುವ ಕುರ್ಚಿ, ಸಣ್ಣ ಬಣ್ಣದ ಪೆಟ್ಟಿಗೆ. ಸಂತೇಬೆನ್ನೂರಿನ ಪುಷ್ಕರಣಿಯ ನಡುವಿನ ಮಂಟಪ, ಪಕ್ಕದ ಮುಸಾಫಿರ್‌ಖಾನೆಯ ಕಮಾನುಗಳು ಹೊಸಬರ ಕೈಗೂ ಬಗ್ಗುತ್ತವೆ. ಚಿತ್ರದುರ್ಗದ ಬಂಡೆಗಳಿಂದ ಶುರು ಮಾಡಬೇಡಿ, ಗುಂಡಗಿನ ಬಂಡೆ ಬರೆಯುವುದು ಗೋಪುರಕ್ಕಿಂತ ಕಷ್ಟ.

ಕೈಕೆಲಸ ನೋಡುವುದು, ಕಲಿಯುವುದು. ಮೊಳಕಾಲ್ಮೂರಿನ ರೇಷ್ಮೆ ಸೀರೆಯ ಮಗ್ಗ, ಚಳ್ಳಕೆರೆ ಕಡೆಯ ಕಂಬಳಿ ನೇಯ್ಗೆ. ಹೆಣಿಗೆ, ಕಸೂತಿ ಬಲ್ಲವರು ಸ್ವಂತ ಕೆಲಸವನ್ನೂ ಜೊತೆಗೆ ಒಯ್ಯಿರಿ. ನಿಮ್ಮ ಕೈಯಲ್ಲಿ ಸೂಜಿ ಕಂಡರೆ ಮಗ್ಗದ ಮನೆಯ ಹೆಂಗಸರು ತಾವಾಗಿ ಮಾತಿಗೆ ಕೂರುತ್ತಾರೆ. ಕೇಳದೆ ಒಳಗೆ ಹೋಗಬೇಡಿ, ಕೇಳದೆ ವಿನ್ಯಾಸದ ಫೋಟೊ ತೆಗೆಯಬೇಡಿ, ಅವರ ಕೂಲಿಯ ಹೊತ್ತನ್ನು ಗಂಟೆಗಟ್ಟಲೆ ತಿನ್ನಬೇಡಿ.

ಹಂತ 6: ಕಾಲ ಮತ್ತು ದಾರಿ

ನವೆಂಬರಿನಿಂದ ಫೆಬ್ರುವರಿ ಮಧ್ಯದವರೆಗೆ ಹೊರಡಿ. ಮಾರ್ಚ್ ಕಳೆದರೆ ಮಧ್ಯಾಹ್ನದ ಗಾಡಿಯಲ್ಲಿ ಕೂರಲಾಗುವುದಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆಗಿಂತ ಗಾಳಿಯದೇ ತೊಂದರೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ನೆಟ್ಟದ್ದು ಸುಮ್ಮನೆ ಅಲ್ಲ. ಎತ್ತರದ ಗಾಡಿ ಅಡ್ಡಗಾಳಿಗೆ ಸಿಕ್ಕರೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಪಕ್ಕದ ಸಾಲಿಗೆ ಸರಿಯುತ್ತದೆ. ಆ ತಿಂಗಳುಗಳಲ್ಲಿ ಹೋಗಲೇಬೇಕಾದರೆ ವೇಗ 60ರ ಒಳಗಿರಲಿ.

ನಾನು ಸೂಚಿಸುವ ಸುತ್ತು: ದಾವಣಗೆರೆಯಿಂದ ಹರಿಹರ, ಅಲ್ಲಿಂದ ಹಿಂದಿರುಗಿ ಸಂತೇಬೆನ್ನೂರು, ಸೂಳೆಕೆರೆ, ಚನ್ನಗಿರಿ, ಹೊಳಲ್ಕೆರೆ ದಾಟಿ ಚಿತ್ರದುರ್ಗ. ಮುಂದೆ ಹಿರಿಯೂರು, ವಾಣಿವಿಲಾಸ ಸಾಗರ, ಚಳ್ಳಕೆರೆ, ಮೊಳಕಾಲ್ಮೂರು. ಮರಳುವಾಗ ನಾಯಕನಹಟ್ಟಿ, ಜಗಳೂರು, ಕೊಂಡಜ್ಜಿ. ದಿನಕ್ಕೆ 60 ರಿಂದ 80 ಕಿ.ಮೀ. ಮೀರಬೇಡಿ, ಪ್ರತಿ ನೆಲೆಯಲ್ಲಿ ಕನಿಷ್ಠ ಎರಡು ರಾತ್ರಿ. ಚಿತ್ರದುರ್ಗಕ್ಕೆ ಮೂರು ರಾತ್ರಿ: ಕೋಟೆಗೆ ಒಂದು ಬೆಳಗು, ಕದಂಬ ಮಯೂರಶರ್ಮನ ಶಾಸನವಿರುವ ಚಂದ್ರವಳ್ಳಿಗೆ ಇನ್ನೊಂದು, ಏನೂ ಮಾಡದೆ ಇರಲು ಮತ್ತೊಂದು. ಕೋಟೆಯನ್ನು ಬಾಗಿಲು ತೆರೆದ ಕೂಡಲೇ ಹತ್ತಿ, ಬಿಸಿಲೇರುವ ಮೊದಲು ಇಳಿಯಿರಿ. ಕೆಳಗೆ ನಿಲ್ಲಿಸಿದ ಗಾಡಿಯ ಕಿಟಕಿ ಒಂದು ಬೆರಳಿನಷ್ಟೂ ತೆರೆದಿರಬಾರದು. ಅಲ್ಲಿನ ಕೋತಿಗಳಿಗೆ ಬಾಳೆಹಣ್ಣು ಎಲ್ಲಿದೆ ಎಂದು ಹೇಳಿಕೊಡಬೇಕಿಲ್ಲ.

ವಾಣಿವಿಲಾಸ ಸಾಗರದ ಅಣೆಕಟ್ಟು 1907ರಲ್ಲಿ ಮುಗಿದದ್ದು. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಹರಿದದ್ದು 2022ರಲ್ಲಿ. ನೀರು ತುಂಬಿದ ವರ್ಷ ಭಾನುವಾರ ಅಲ್ಲಿ ಗಾಡಿ ತಿರುಗಿಸಲೂ ಜಾಗವಿರುವುದಿಲ್ಲ, ವಾರದ ನಡುವೆ ಹೋಗಿ. ನಾಯಕನಹಟ್ಟಿ ತೇರು ಫಾಲ್ಗುಣದಲ್ಲಿ. ಜನಸಾಗರ ಬೇಡವೆನ್ನುವವರು ಆ ವಾರ ಆ ಕಡೆಯ ರಸ್ತೆಯನ್ನೇ ಬಿಟ್ಟುಬಿಡಿ.

ಸುಗ್ಗಿಯ ದಿನಗಳಲ್ಲಿ ಒಂದು ಅಪಾಯವಿದೆ, ಹೊರಗಿನವರಿಗೆ ಗೊತ್ತಿರುವುದಿಲ್ಲ. ರಾಗಿ, ಹುರುಳಿಯ ಹುಲ್ಲನ್ನು ರಸ್ತೆಗೆ ಹರಡಿ ಗಾಡಿಗಳ ಗಾಲಿಯಿಂದಲೇ ಒಕ್ಕಣೆ ಮಾಡುತ್ತಾರೆ. ಆ ಹುಲ್ಲು ಗಾಡಿಯಡಿ ತಿರುಗುವ ಭಾಗಗಳಿಗೆ ಸುತ್ತಿಕೊಂಡು, ಕಾದ ಸೈಲೆನ್ಸರಿಗೆ ತಾಗಿ ಬೆಂಕಿ ಹತ್ತುತ್ತದೆ. ಸುತ್ತು ದಾರಿ ಇದ್ದರೆ ಅದನ್ನೇ ಹಿಡಿಯಿರಿ. ಇಲ್ಲದಿದ್ದರೆ ದಾಟಿದ ಕೂಡಲೇ ನಿಲ್ಲಿಸಿ, ಬಗ್ಗಿ ನೋಡಿ, ಕೊಕ್ಕೆಯಿಂದ ಹುಲ್ಲು ಎಳೆದು ಹಾಕಿ. ಬೆಂಕಿ ಆರಿಸುವ ಸಿಲಿಂಡರ್ ಬಾಗಿಲ ಪಕ್ಕ ಕೈಗೆ ಸಿಗುವಂತಿರಲಿ, ಮಂಚದ ಅಡಿಯಲ್ಲಲ್ಲ.

ಕತ್ತಲಾದ ಮೇಲೆ ಓಡಿಸಬೇಡಿ. ಹಿಂದಿನ ದೀಪವಿಲ್ಲದ ಟ್ರ್ಯಾಕ್ಟರ್, ಬಣ್ಣ ಹೊಡೆಯದ ರಸ್ತೆ ಉಬ್ಬು ಇವೆರಡು ಕಾರಣವೇ ಸಾಕು. ಸಂಜೆ ನಾಲ್ಕಕ್ಕೆ ನೆಲೆ ಸೇರಿದರೆ ಜಾಗ ಸರಿಯಿಲ್ಲವೆನಿಸಿದಾಗ ಬೆಳಕಿರುವಾಗಲೇ ಬೇರೆ ಜಾಗ ಹುಡುಕಬಹುದು.

ಹಂತ 7: ರಾತ್ರಿ ನೆಲೆ

ನನ್ನ ಆಯ್ಕೆಯ ಕ್ರಮ ಹೀಗಿದೆ. ಪರಿಚಿತರ ತೋಟದ ಮನೆಯಂಗಳ ಎಲ್ಲಕ್ಕಿಂತ ಮೇಲು. ಆಮೇಲೆ ಮಠ ಅಥವಾ ಕಲ್ಯಾಣ ಮಂಟಪದ ಆವರಣ, ಕೇಳಿದರೆ ಇಲ್ಲವೆನ್ನುವವರು ಕಡಿಮೆ, ಹುಂಡಿಗೆ ಕೈಲಾದಷ್ಟು ಹಾಕಿ. ಹೋಟೆಲಿನ ಆವರಣದಲ್ಲಿ ನಿಲ್ಲಿಸಿ ಅಲ್ಲೇ ಊಟ ಮಾಡುವುದೂ ನಡೆಯುತ್ತದೆ. ಕೊನೆಯದು ರಾತ್ರಿಯಿಡೀ ತೆರೆದಿರುವ ಪೆಟ್ರೋಲ್ ಬಂಕ್, ನಿದ್ದೆ ಅಷ್ಟಕ್ಕಷ್ಟೇ.

ಹೆದ್ದಾರಿಯ ಅಂಚಿನಲ್ಲಿ ಎಂದಿಗೂ ಮಲಗಬೇಡಿ. ಜೋಗಿಮಟ್ಟಿ, ಜಗಳೂರಿನ ರಂಗಯ್ಯನದುರ್ಗದಂಥ ವನ್ಯಧಾಮದ ಎಲ್ಲೆಯಲ್ಲಿ ಅರಣ್ಯ ಇಲಾಖೆಯ ಒಪ್ಪಿಗೆಯಿಲ್ಲದೆ ರಾತ್ರಿ ನಿಲ್ಲುವಂತಿಲ್ಲ. ಕರಡಿ ಓಡಾಡುವ ಸೀಮೆ ಇದು, ಶೇಂಗಾ ಹೊಲದ ಪಕ್ಕವೂ ಬರುತ್ತವೆ. ತಿಂಡಿ, ಎಂಜಲು ಹೊರಗೆ ಬಿಡಬೇಡಿ.

ಎರೆಭೂಮಿಯ ವಿಷಯದಲ್ಲಿ ಹುಷಾರು. ಒಣಗಿದಾಗ ಕಲ್ಲಿನಷ್ಟು ಗಟ್ಟಿಯಾಗಿ ಕಾಣುವ ಕಪ್ಪು ನೆಲ ರಾತ್ರಿ ಒಂದು ಹದ ಮಳೆ ಬಿದ್ದರೆ ಬೆಳಗ್ಗೆ ಗಾಲಿಯನ್ನು ಅಚ್ಚಿನವರೆಗೆ ನುಂಗಿರುತ್ತದೆ. ಕೆರೆಯಂಗಳಕ್ಕೂ ಇದೇ ಮಾತು. ಗರಸು ಹಾಕಿದ, ಸ್ವಲ್ಪ ಎತ್ತರದ ಜಾಗ ನೋಡಿ, ಗಾಡಿಯ ಮೂತಿ ರಸ್ತೆಯ ಕಡೆಗೇ ಇರುವಂತೆ ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ಎಳೆದು ಗಾಲಿಗೆ ಕಲ್ಲು ಕೊಡಿ. ಹುಣಸೆಮರದ ನೆರಳು ಚೆಂದ, ಗಾಳಿಗಾಲದಲ್ಲಿ ಕೊಂಬೆಯ ಕೆಳಗೆ ಬೇಡ.

ಹಂತ 8: ಔಷಧ, ಪಿಂಚಣಿ, ಬೀಗ ಹಾಕಿದ ಮನೆ

ನಿತ್ಯದ ಮಾತ್ರೆಗಳನ್ನು ಎರಡು ಪಾಲು ಮಾಡಿ ಎರಡು ಕಡೆ ಇಡಿ. ಕನ್ನಡಕವೂ ಎರಡು. ತೆರೆಯದ ಇನ್ಸುಲಿನ್ 2 ರಿಂದ 8 ಡಿಗ್ರಿಯಲ್ಲಿರಬೇಕು. ಸಣ್ಣ ಫ್ರಿಜ್‌ನ ಹಿಂಗೋಡೆಗೆ ತಾಗಿದರೆ ಹೆಪ್ಪುಗಟ್ಟಿ ಕೆಡುತ್ತದೆ, ಬಟ್ಟೆ ಸುತ್ತಿ ಬಾಗಿಲ ಕಡೆ ಇಡಿ. ಒಂದು ಗಂಟೆಗೊಮ್ಮೆ ಇಳಿದು ಹತ್ತು ಹೆಜ್ಜೆ ಓಡಾಡಿ. ಆಂಬುಲೆನ್ಸ್‌ಗೆ 108, ಪೊಲೀಸರಿಗೆ 112, ರಾಷ್ಟ್ರೀಯ ಹೆದ್ದಾರಿಯಲ್ಲಿ ತೊಂದರೆಯಾದರೆ 1033. ಮೂರನ್ನೂ ದಪ್ಪಕ್ಷರದಲ್ಲಿ ಬರೆದು ಅಂಟಿಸಿ, ಪಕ್ಕದಲ್ಲಿ ಇಬ್ಬರ ರಕ್ತದ ಗುಂಪು.

ನವೆಂಬರಿನಲ್ಲಿ ಹೊರಟರೆ ಜೀವಂತ ಪ್ರಮಾಣಪತ್ರದ ತಿಂಗಳೂ ಅದೇ ಎಂಬುದು ನೆನಪಿರಲಿ. ಜೀವನ್ ಪ್ರಮಾಣ್ ಆ್ಯಪ್‌ನಲ್ಲಿ ಮುಖ ತೋರಿಸಿ ಮೊಬೈಲಿನಿಂದಲೇ ಸಲ್ಲಿಸಬಹುದು. ನಿಮ್ಮ ಪಿಂಚಣಿ ಕೊಡುವವರು ಅದನ್ನು ಒಪ್ಪುತ್ತಾರೆಯೇ ಎಂದು ಬ್ಯಾಂಕಿನಲ್ಲಿ ಮೊದಲೇ ವಿಚಾರಿಸಿ, ಮನೆಯಲ್ಲೇ ಒಮ್ಮೆ ಮಾಡಿ ನೋಡಿ. ಕೆರೆ ದಂಡೆಯಲ್ಲಿ ಸಿಗ್ನಲ್ ಹುಡುಕುತ್ತಾ ಕೈ ಎತ್ತಿ ನಿಲ್ಲುವ ಪಾಡು ಬೇಡ.

ಮನೆಗೆ ಬೀಗ ಹಾಕಿದ ವಿಷಯ ಠಾಣೆಗೂ ಒಬ್ಬ ನೆರೆಯವರಿಗೂ ತಿಳಿಸಿ. ಊರು ಬಿಟ್ಟ ಫೋಟೊಗಳನ್ನು ವಾಟ್ಸ್ಆ್ಯಪ್ ಸ್ಟೇಟಸ್‌ಗೆ ಹಾಕುವುದು ಹಿಂದಿರುಗಿದ ಮೇಲೆ. ಹೆಬ್ಬಾಳು, ಗುಯಿಲಾಳು ಟೋಲ್‌ಗಳಿಗಾಗಿ ಫಾಸ್ಟ್ಯಾಗ್‌ನಲ್ಲಿ ಹಣವಿರಲಿ. ಫಾಸ್ಟ್ಯಾಗ್ ಎಂದರೆ ಗಾಜಿಗೆ ಅಂಟಿಸುವ, ಟೋಲ್ ಹಣ ತಾನಾಗಿ ಕಡಿತವಾಗುವ ಚೀಟಿ. ಗಾಡಿಯ ಆರ್‌ಸಿ ತಿದ್ದಿಸಿದ್ದರೆ ಫಾಸ್ಟ್ಯಾಗ್‌ನಲ್ಲೂ ವಾಹನದ ವರ್ಗ ಸರಿಯಾಗಿದೆಯೇ ನೋಡಿ, ಇಲ್ಲವಾದರೆ ಬಸ್ಸಿನ ದರ ಕಡಿತವಾಗುತ್ತಿರುತ್ತದೆ.

ಹಂತ 9: ಮರಳಿದ ದಿನವೇ ಮಾಡಬೇಕಾದವು

ಸುಸ್ತಾಗಿದೆಯೆಂದು ನಾಳೆಗೆ ತಳ್ಳಬೇಡಿ. ನೀರಿನ ತೊಟ್ಟಿ, ಶೌಚದ ಡಬ್ಬಿ ಎರಡನ್ನೂ ಖಾಲಿ ಮಾಡಿ ತೊಳೆದು ಮುಚ್ಚಳ ತೆರೆದಿಡಿ. ಫ್ರಿಜ್ ಒರೆಸಿ, ಬಾಗಿಲಿಗೆ ಬಟ್ಟೆಯ ಸುರುಳಿ ಸಿಕ್ಕಿಸಿ, ಮುಚ್ಚಿದರೆ ಬೂಸ್ಟು ಹಿಡಿಯುತ್ತದೆ. ಸಿಲಿಂಡರ್ ಹೊರಗೆ ತೆಗೆಯಿರಿ. ಮಂಡಕ್ಕಿಯ ಒಂದು ಕಾಳೂ ಉಳಿಯದಂತೆ ಗುಡಿಸಿ, ಕಾಳಿಗೆ ಬಂದ ಇಲಿ ವೈರಿಗೆ ಬಾಯಿ ಹಾಕದೆ ಹೋಗುವುದಿಲ್ಲ. ಬ್ಯಾಟರಿಯ ಮುಖ್ಯ ಸ್ವಿಚ್ ಬಂದ್ ಮಾಡಿ. ತಿಂಗಳಿಗೆ ಎರಡು ಸಲವಾದರೂ ಗಾಡಿಯನ್ನು ದಾವಣಗೆರೆ ಪಕ್ಕದ ಬಾತಿಯವರೆಗೆ ಓಡಿಸಿಕೊಂಡು ಬನ್ನಿ. ಒಂದೇ ಕಡೆ ತಿಂಗಳುಗಟ್ಟಲೆ ನಿಂತರೆ ಟೈರು ನೆಲಕ್ಕೆ ತಾಗಿದ ಜಾಗದಲ್ಲೇ ಚಪ್ಪಟೆಯಾಗುತ್ತದೆ.